ಹದಿನೇಳು ಮೀಟರ್ ಮೇಲಿನ ಅಟ್ಟ

ಎಸ್ಬಿಯರ್ಗ್, ಡೆನ್ಮಾರ್ಕ್
ಜನವರಿ ೧೪

ಅಪ್ಪಾ,

ರೇಡಿಯೊದಲ್ಲಿ ಕೇಳಿರುತ್ತೀಯ. ಸಮುದ್ರದಲ್ಲಿ ನಮ್ಮ ಗಾಳಿಯಂತ್ರಗಳ ನಡುವೆ ಇರುವ ವಿದ್ಯುತ್ ಕೇಂದ್ರಕ್ಕೆ ಮಂಗಳವಾರ ಮಧ್ಯಾಹ್ನ ಅಲೆ ಹೊಡೆಯಿತು. ನೀರಿನಿಂದ ಹದಿನೇಳು ಮೀಟರ್ ಮೇಲಿದ್ದ ಅಟ್ಟದ ಕಬ್ಬಿಣದ ಕಟಾಂಜನವೇ ಈಗ ಇಲ್ಲ. ಯಾರಿಗೂ ಏನೂ ಆಗಿಲ್ಲ.

ಅಷ್ಟು ಎತ್ತರ ಸಾಕೆಂದು ಲೆಕ್ಕ ಹಾಕಿ ಸಹಿ ಮಾಡಿದವಳು ನಾನು. ಹಿಂದಿನ ನಲವತ್ತು ವರ್ಷಗಳ ಅಲೆಗಳನ್ನು ನೋಡಿ, ಮುಂದೆಯೂ ಸಮುದ್ರ ಹಾಗೇ ಇರುತ್ತದೆ ಎಂದುಕೊಂಡಿದ್ದೆ. ಮೀನುದೋಣಿ ಮಾರಿದ ವರ್ಷ ನೀನು ಹೇಳಿದ್ದೆ: "ಮರೆನ್, ನಾನು ಕಲಿತ ಸಮುದ್ರ ಇದಲ್ಲ ಕಣೇ. ಚಳಿಗಾಲದ ಅಲೆ ಬೇರೆ ಥರಾನೇ ಬರ್ತಿದೆ."

"ವಯಸ್ಸಾಯ್ತಲ್ಲಪ್ಪ, ನಿಂಗೆ ಎಲ್ಲಾ ದೊಡ್ಡದಾಗೇ ಕಾಣುತ್ತೆ" ಎಂದು ನಕ್ಕಿದ್ದೆ.

ನಿನ್ನೆ ಸಹಿ ಹಿಂತೆಗೆದುಕೊಂಡೆ. ಹೊಸ ಗಾಳಿಯಂತ್ರಗಳ ಕೆಲಸ ನಿಂತಿದೆ. ಬದಲಾಗುತ್ತಿರುವ ಹವೆಯನ್ನೂ ಏರುತ್ತಿರುವ ನೀರನ್ನೂ ಸೇರಿಸಿ ಮೊದಲಿನಿಂದ ಲೆಕ್ಕ ಮಾಡಬೇಕು. ನೀನು ದಿನವೂ ಅಲೆಯ ಎತ್ತರ ಬರೆದಿಡುತ್ತಿದ್ದ ಪುಸ್ತಕಗಳನ್ನು, ನೀರು ಕುಡಿದು ಅಂಟಿಕೊಂಡವನ್ನೂ ಬಿಡದೆ, ಕಳಿಸಿಕೊಡು.

ಅಮ್ಮನಿಗೆ ಓದಿ ಹೇಳುವಾಗ ಮುಂದಿನದನ್ನು ಬಿಟ್ಟುಬಿಡು. ಆ ಅಟ್ಟದ ಮೇಲೆ ಅಲೆ ನೋಡುತ್ತ ನಿಂತಿದ್ದವಳು, ಅಡುಗೆಯ ಎಯ್ನಾರ್ ಊಟಕ್ಕೆ ಕೂಗಿದನೆಂದು ಒಳಗೆ ಬಂದೆ. ಬಾಗಿಲು ಹಾಕುತ್ತಿದ್ದ ಹಾಗೆಯೇ ಅದು ಬಂತು.

ನಿನ್ನ
ಮರೆನ್