ಬಸ್‌ಸ್ಟಾಪಿನ ಗೋಡೆಯ ಎರಡು ಸಾಲು

ಮಾರ್ಚ್ 4, ಸಂಜೆ

ಇವತ್ತೂ ದರ್ಜಿ ಅಕ್ಕನ ಹಿಂದಿನ ಕೋಣೆಯಲ್ಲಿ ಗೋಷ್ಠಿ. ಈ ಬೆಟ್ಟದ ಬುಡದಲ್ಲಿ ಕಲ್ಲಿಗಿಂತ ಕವಿಗಳೇ ಹೆಚ್ಚು, ಅದೂ ಹೆಂಗಸರು. ದರ್ಜಿ ಅಕ್ಕನದು ಹಾಡು, ಆಸ್ಪತ್ರೆಯ ಸಿಸ್ಟರ್‌ದು ಕಥೆ, ನನ್ನ ಅಕ್ಕನ ಮಗಳದು ಕವಿತೆ. ಗಂಡಸರಿಗೆ ಪ್ರವೇಶವಿಲ್ಲ, ನನ್ನೊಬ್ಬನ ಹೊರತು. ಬೋರ್ಡ್ ಬರೆಯುವ ಪೇಂಟರ್ ನಾನು. ಓದಿದ್ದು ಏಳನೇ ಕ್ಲಾಸ್, ಆದರೆ ಇಂಥ ಅಕ್ಷರ ಸುತ್ತ ಹತ್ತೂರಲ್ಲಿಲ್ಲ. ಪುಸ್ತಕ ಮಾಡಿದರೆ ಯಾರೂ ಕೊಳ್ಳರಂತೆ. ಇನ್ನು ನನ್ನ ಕೈಲಿ ಬಸ್‌ಸ್ಟಾಪಿನ ಗೋಡೆಯ ಮೇಲೇ ಬರೆಸುತ್ತಾರಂತೆ.

"ಕೆಳಗೆ ಯಾರ ಹೆಸರೂ ಬೇಡ ಮಾವ," ಎಂದಳು ಸೊಸೆ, ಅದೇ ಅಕ್ಕನ ಮಗಳು.

"ಪೇಂಟರ್‌ದು?"

"ನಿಮ್ಮ ಅಕ್ಷರ ನಾಯಿನೂ ಗುರುತು ಹಿಡಿಯುತ್ತೆ, ಸುಮ್ನಿರಿ," ಎಂದಳು ದರ್ಜಿ ಅಕ್ಕ.

ಹೊಗಳಿಕೆ ಎಂದೇ ತಿಳಿದೆ.

ಮಾರ್ಚ್ 6

ಬರೆದೆ. ಕೆಂಪು ಅಕ್ಷರ, ಕಪ್ಪು ನೆರಳು. ಸೊಸೆಯ ಎರಡೇ ಸಾಲು:

ಊರಿಗೆ ಹೋದ ಎನ್ನುತ್ತೀರಿ.
ಚಪ್ಪಲಿ ಬಿಟ್ಟು ಹೋದನೆ?

ಬೆಟ್ಟದ ಕಲ್ಲು ಕ್ವಾರಿಯಲ್ಲಿ ದೊಡ್ಡ ಮದ್ದು ಸಿಡಿದ ದಿನದಿಂದ ಡ್ರಿಲ್ಲಿಂಗ್ ಕೆಲಸದವನೊಬ್ಬ ಕಾಣೆ, ಚಪ್ಪಲಿ ಮಾತ್ರ ಅಲ್ಲೇ ಬಿದ್ದಿತ್ತು. ರಜೆ ಹಾಕಿ ಊರಿಗೆ ಹೋದ ಅನ್ನುತ್ತಾರೆ ಮ್ಯಾನೇಜರ್. ಬಸ್ಸು ಬಂದರೂ ಜನ ಹತ್ತದೆ ಓದುತ್ತ ನಿಂತಿದ್ದರು... ಚಪ್ಪಲಿಯ ಆ 'ಚ' ಅಷ್ಟು ಚಂದ ಬಂದಿದೆ.

ಮಾರ್ಚ್ 7

ಟೀ ಅಂಗಡಿಯಲ್ಲಿ ಮ್ಯಾನೇಜರ್ರೇ ಟೀ ಕುಡಿಸಿದರು.

"ಏನ್ ಪೇಂಟರೇ, ಬಸ್‌ಸ್ಟಾಪಲ್ಲಿ ಬರೆದದ್ದು ಯಾರು?"

"ಇದೇ ಕೈ, ಸರ್."

"ಅಕ್ಷರ ಗೊತ್ತಾಯ್ತು. ಮಾತು ಯಾರದು? ನಿಮಗೆಲ್ಲಿಂದ ಬರಬೇಕು ಅಷ್ಟು ತಲೆ."

ರೇಗಿತು. "ತಲೆನೂ ನಮ್ಮ ಮನೇದೇ ಸರ್. ಲೈಬ್ರರಿಲಿ ಕೂರ್ತಾಳಲ್ಲ, ನಮ್ಮ ಅಕ್ಕನ ಮಗಳು."

"ಓ... ಅವಳಾ." ಟೀ ಅರ್ಧಕ್ಕೇ ಬಿಟ್ಟು ಎದ್ದರು.

ಮನೆಗೆ ಬಂದು ಸೊಸೆಗೆ ಎದೆಯುಬ್ಬಿಸಿ ಹೇಳಿದೆ. ಅವಳು ಎದ್ದು ಹೋಗಿ ಬೀದಿಯ ಕಿಟಕಿ ಹಾಕಿದಳು. ಒಳಗೆ ಸೆಕೆ.

ಮಾರ್ಚ್ 12

ಗೋಡೆಗೆ ಯಾರೋ ಸುಣ್ಣ ಬಳಿದಿದ್ದಾರೆ. ಬಳಿದವನಿಗೆ ಕೈಯೇ ಇಲ್ಲ, ಎಲ್ಲ ಗೆರೆಗೆರೆ. ಲೈಬ್ರರಿಯೆದುರು ದಿನಾ ಬೈಕಿನ ಮೇಲೊಬ್ಬ ಕ್ವಾರಿಯವನು. ಒಳಗೆ ಬರುವುದಿಲ್ಲ, ಹೋಗುವುದೂ ಇಲ್ಲ. ನಿನ್ನೆ ಸೊಸೆ ಹೊರಗೆ ಬಂದಾಗ ಅಂದನಂತೆ: "ಮೇಡಂ, ಚಪ್ಪಲಿ ಚೆನ್ನಾಗಿದೆ."

"ನಿನ್ನ ಬಾಯಿಗೊಂದು ಅಗುಳಿ ಇಲ್ವೇನೋ," ಎಂದು ನನಗೆ ಬೈದಳು ನನ್ನ ಅಕ್ಕ, ಸೊಸೆಯ ತಾಯಿ. ಅನ್ನವನ್ನು ತಟ್ಟೆಗೆ ಕುಕ್ಕುತ್ತಾಳೆ.

ಮಾರ್ಚ್ 19

ಸಿಸ್ಟರ್‌ಗೆ ದಿಢೀರ್ ವರ್ಗ. ದರ್ಜಿ ಅಕ್ಕನ ಹಿಂದಿನ ಕೋಣೆಗೆ ಬೀಗ. "ಹೊಲಿಗೆ ಜಾಸ್ತಿ," ಎಂದಳು, ಸೂಜಿಯಿಂದ ಕಣ್ಣೆತ್ತದೆ. ಸೊಸೆ ಮಾತ್ರ ಬರೆಯುತ್ತಲೇ ಇದ್ದಾಳೆ. ಸ್ವಲ್ಪ ದಿನ ಚಿಕ್ಕಮ್ಮನ ಮನೆಗೆ ಹೋಗಿರು ಎಂದೆ.

"ಊರಿಗೆ ಹೋದಳು ಅಂತ ಹೇಳೋಕೆ ಅವರಿಗೆ ಸುಲಭ ಆಗುತ್ತೆ, ಮಾವ."

ತಟ್ಟೆ ಸರಿಸಿ ಬ್ರಷ್ ತೊಳೆಯಲು ಕೂತೆ.

ಮಾರ್ಚ್ 21, ಬೆಳಿಗ್ಗೆ

ಸುಣ್ಣದ ಮೇಲೆ ಮತ್ತೆ ಅದೇ ಎರಡು ಸಾಲು ಬರೆದೆ. ಕೆಳಗೆ ಈ ಸಲ ನನ್ನ ಹೆಸರು, ಕವಿತೆಗಿಂತ ದಪ್ಪ. ಟೀ ಅಂಗಡಿಯಲ್ಲಿ ಕೂತು ಕೇಳಿದವರಿಗೂ ಕೇಳದವರಿಗೂ ಹೇಳಿದೆ — ಕವಿತೆ ಕಟ್ಟಿದ್ದೂ ನಾನೇ, ಹೆದರಿ ಹುಡುಗಿಯ ಹೆಸರು ಹೇಳಿದ್ದೆ. ನಾನು ಬುರುಡೆ ಬಿಡುವವನೆಂದು ಊರಿಗೇ ಗೊತ್ತು, ಎಲ್ಲರೂ ನಕ್ಕರು. ಬೈಕಿನವನು ನಗಲಿಲ್ಲ. ಗೋಡೆಯ ಫೋಟೋ ಹೊಡೆದುಕೊಂಡ.

ಮಧ್ಯಾಹ್ನ

ಮನೆ ಮುಂದೆ ಕ್ವಾರಿಯ ಜೀಪು. "ಪೇಂಟರ್ ಇದಾರಾ?" — ಸೊಸೆಯನ್ನಲ್ಲ, ನನ್ನನ್ನೇ ಹುಡುಕಿ ಬಂದಿದ್ದಾರೆ. ನಂಬಿದ್ದಾರೆ. ಇಷ್ಟು ವರ್ಷದಲ್ಲಿ ನಂಬಿಸಿದ ಒಂದೇ ಬುರುಡೆ. ಸೊಸೆಗೆ ಹಿತ್ತಿಲ ಬಾಗಿಲು ತೋರಿಸಿದೆ. ಅಂಗಿ ಹಾಕಿಕೊಂಡೆ. ಮುಂದೆ ಯಾರಾದರೂ ಕೇಳಿದರೆ ಇರಲಿ ಎಂದು ಇಷ್ಟು ಬರೆದಿಡುತ್ತೇನೆ: ಜೀಪಿನಲ್ಲಿ ಮೂವರು. ಮುಂದಿನ ಸೀಟಿನಲ್ಲಿ ಮ್ಯಾನೇಜರ್. ಹಿಂದೆ ಬೈಕಿನವನು, ಪಕ್ಕದಲ್ಲಿ —

ಅಂಗಳದಲ್ಲಿ ಯಾರೋ ಮಾತಾಡುತ್ತಿದ್ದಾರೆ. ಅಕ್ಕನ ದನಿಯಲ್ಲ. ಹಿತ್ತಿಲ ಕಡೆ ಹೋಗಲೇ ಇಲ್ಲ ಈ ಹುಡುಗಿ.

"ನಮ್ಮ ಮಾವನಿಗೆ ಎರಡು ಸಾಲಲ್ಲಿ ಮಾತು ಮುಗಿಸೋಕೆ ಬರುತ್ತಾ ಸರ್? ಅದನ್ನ ಬರೆದದ್ದು ನಾನೇ —