ನೀಲವ್ವನ ಕರಡಿ

ಗೆಳತಿ ನೀಲವ್ವ,

ನೀನು ತೀರಿಹೋದ ಎಷ್ಟೋ ವರ್ಷಗಳ ಮೇಲೆ, ಮೊನ್ನೆ ಕೊಪ್ಪಳದಲ್ಲಿ ನಮ್ಮ ಸ್ಟುಡಿಯೋ ಮಾಲೀಕನನ್ನು ನೋಡಿದೆ. ಸಿಟ್ಟು ಬರಲಿಲ್ಲ. ಹೇಸಿಗೆಯಾಯಿತು.

1997ರಲ್ಲಿ ಗಂಗಾವತಿಯಲ್ಲಿ ಡ್ರಾಯಿಂಗ್ ಕೋರ್ಸ್ ಮುಗಿಸಿ ನಾವಿಬ್ಬರೂ ಅವನ ಹೈದರಾಬಾದಿನ ಸ್ಟುಡಿಯೋ ಸೇರಿದ್ದು ನೆನಪಿದೆಯಾ? ಯಲಬುರ್ಗಾ ಕಡೆಯವನೇ ಅಂತ ಮನೆಯವರು ನಂಬಿ ಕಳಿಸಿದ್ದರು. ಟಿವಿ ಕಾರ್ಟೂನುಗಳ ಗೆರೆಚಿತ್ರ ವಿದೇಶದಿಂದ ಬರುತ್ತಿತ್ತು. ಪಾರದರ್ಶಕ ಹಾಳೆಯ ಹಿಂಬದಿಗೆ ನಾವು ಬಣ್ಣ ತುಂಬುತ್ತಿದ್ದೆವು. ಊಟದ ಬಿಡುವಿನಲ್ಲಿ ನೀನು ನಿನ್ನದೇ ಕರಡಿ ಬರೆಯುತ್ತಿದ್ದೆ. ಆನೆಗೊಂದಿಯ ಬಂಡೆಗಳಿಂದ ಇಳಿದು, ಬಾಳೆಗೊನೆ ಹೊತ್ತು ಓಡುವ ಪುಕ್ಕಲು ಕರಡಿ.

ಅದೇ ಕರಡಿ ಒಂದು ದಿನ ಟಿವಿಯಲ್ಲಿ ಓಡಿತು! ಕೊನೆಗೆ ಪರದೆಯ ಮೇಲೆ ಬಂದದ್ದು ಅವನೊಬ್ಬನ ಹೆಸರು. ನೀನು ನೇರ ಅವನ ಕೋಣೆಗೆ ನುಗ್ಗಿದೆ. "ಅದು ನನ್ನ ಕರಡಿ ಐತ್ರಿ."

ಅವನು ತಲೆ ಎತ್ತಲೇ ಇಲ್ಲ. "ನನ್ನ ಸ್ಟುಡಿಯೋದಾಗ ಬರದದ್ದೆಲ್ಲಾ ನಂದ ಐತಿ. ಹೋಗವಾ, ಬಣ್ಣ ಒಣಗತೈತಿ."

ಅಂದೇ ಇಬ್ಬರೂ ಊರಿನ ಬಸ್ ಹತ್ತಿದೆವು. ಆಮೇಲೆ ನೀನು ಒಂದು ಗೆರೆಯನ್ನೂ ಎಳೆಯಲಿಲ್ಲ.

ಮೊನ್ನೆ ಅವನು ಕೊಪ್ಪಳದ ಒಂದು ಸಮಾರಂಭಕ್ಕೆ ಟಿವಿ ಕಾರ್ಟೂನುಗಳ ಇತಿಹಾಸ ಹೇಳಲು ಬಂದಿದ್ದ. ನಿನ್ನ ಮಗಳು ಗಂಗಾ ನನ್ನನ್ನು ಕರೆದುಕೊಂಡು ಹೋಗಿದ್ದಳು. ಮೊದಮೊದಲ ಸ್ಟುಡಿಯೋಗಳು ಖರ್ಚು ಉಳಿಸಲು ಕಾರ್ಟೂನಿನ ಪಾತ್ರಗಳ ಮೈ ಅಲುಗಿಸದೆ ಬರೀ ಬಾಯಿ ಆಡಿಸುತ್ತಿದ್ದವೆಂದು ಹೇಳಿ ನಗಿಸಿದ. ಬಣ್ಣ ತುಂಬಿದ ಹೆಣ್ಣುಮಕ್ಕಳ ಹೆಸರು ಯಾರಿಗೂ ಗೊತ್ತಿಲ್ಲವೆಂದು ಕಣ್ಣೊರೆಸಿಕೊಂಡ. ಥೂ! ಅದೇ ಬಾಯಲ್ಲಿ, "ನನ್ನ ಕರಡಿ ನನಗ ಕನಸಿನ್ಯಾಗ ಬಂತ್ರಿ" ಅಂದ.

ನಾನು ಎದ್ದು ನಿಂತೆ. "ಸುಳ್ಳ ಹೇಳಬ್ಯಾಡ್ರಿ. ಅದನ್ನ ಬರದಾಕಿ ನೀಲವ್ವ."

ಅವನು ನಕ್ಕ. "ಯಾವ ನೀಲವ್ವರಿ? ಬಣ್ಣ ಹಚ್ಚಾವ್ರು ಭಾಳ ಮಂದಿ ಇದ್ರು."

ಸಂಘಟಕರು ನನ್ನನ್ನೇ ಕೂರಿಸಿದರು. ಅವನಿಗೆ ಶಾಲು ಹೊದಿಸಿದರು. ಜನ ಚಪ್ಪಾಳೆ ತಟ್ಟಿದರು. ಇವರಿಗೆ ವಾಕರಿಕೆ ಹೇಗೆ ಬರಲಿಲ್ಲ?

ವಾಪಸು ಬರುವಾಗ ಬಸ್ಸು ಹಿಟ್ನಾಳ ದಾಟಿದಾಗ ಗಂಗಾ ನನ್ನ ಕಡೆ ತಿರುಗಿದಳು. ಆಮೇಲೆ, "ಚಿಗವ್ವ, ಆ ಕರಡಿ ಬಂದ್ರ ಸಾಕು, ಅವ್ವ ಟಿವಿ ಬಂದ್ ಮಾಡ್ತಿದ್ಲು. ನಾ ನಕ್ರ ಆಕಿಗೆ ಆಗಂಗಿಲ್ಲ ಅಂತ ತಿಳಕೊಂಡಿದ್ನಿ" ಅಂದಳು.

ಬಸ್ಸಿನಲ್ಲೇ ಎಲ್ಲ ಹೇಳಿದೆ. ನನ್ನ ಭುಜಕ್ಕೆ ಮುಖ ಒತ್ತಿ ಅತ್ತಳು. ಅವನನ್ನು ಏನೂ ಮಾಡಲಾಗಲಿಲ್ಲ, ನೀಲವ್ವ. ಆದರೆ ನೀನು ಸಹಿಸಲಾರದೆ ಹೋದದ್ದು ಅವನ ಹೆಸರನ್ನು, ಅವಳ ನಗುವನ್ನಲ್ಲ. ಅದು ನಿನ್ನ ಮಗಳಿಗೆ ಈಗ ಗೊತ್ತು.

ನಿನ್ನ
ಶಾರದಾ