ಹಿತಾಳ ಹಲ್ಲಿನ ಸಂದು

ಯುಟ್ರೆಕ್ಟ್, ಹಾಲೆಂಡ್, ೫ ಅಕ್ಟೋಬರ್ ೧೯೯೮, ಬೆಳಿಗ್ಗೆ
ನಾಗಮಂಗಲ ತಾಲ್ಲೂಕಿನ ಹಲ್ಲಿನ ಡಾಕ್ಟರುಗಳೆಲ್ಲ ಅನುಮಾನ ಬಂದರೆ ನನ್ನನ್ನೇ ಕೇಳುತ್ತಿದ್ದದ್ದು. ಈಗ ತಂಗಿ ಪ್ರಭಾಳ ಮನೆಯಲ್ಲಿದ್ದೇನೆ; ಅವಳಿಗೆ ಆ ಬೆಲೆ ಎಲ್ಲಿ ಗೊತ್ತು. ಅವಳ ಮಗಳು ಹಿತಾ, ಹದಿಮೂರು ವರ್ಷ. ಮುಂದಿನ ಎರಡು ಹಲ್ಲಿನ ನಡುವೆ ಸಂದು. ಇವತ್ತೂ ಕಾಫಿ ಹೊತ್ತಿಗೆ, "ಬಾಯಿ ಮುಚ್ಚೇ, ಸಂದಿಗೆ ಸೈಕಲ್ ನುಗ್ಗೀತು" ಎಂದೆ. ಕೈ ಅಡ್ಡ ಹಿಡಿದಳು. ದಿನಾ ಇದೇ ಮಜಾ.

೮ ಅಕ್ಟೋಬರ್
ಪ್ರಭಾ, ಅವಳ ಗಂಡ ಇಬ್ಬರೂ ಆಫೀಸಿಗೆ. ಹಿತಾಳನ್ನು ಹಲ್ಲಿನ ಡಾಕ್ಟರಮ್ಮನ ಹತ್ತಿರ ನಾನೇ ಕರೆದೊಯ್ದೆ. ಹಾಲುಹಲ್ಲೆಲ್ಲ ಬಿದ್ದಿವೆ, ಹುಳುಕಿಲ್ಲ, ವಸಡು ಗಟ್ಟಿ, ಚೆನ್ನಾಗಿ ಉಜ್ಜುತ್ತಾಳೆ — ಬ್ರೇಸಸ್‌ಗೆ, ಅಂದರೆ ಹಲ್ಲು ಕೂಡಿಸುವ ತಂತಿಗೆ, ಹೇಳಿ ಮಾಡಿಸಿದ ಬಾಯಿಯಂತೆ. ನಾನೂ ಬಾಯಿ ತೆರೆದು ತೋರಿಸಿದೆ. ಆಯಮ್ಮ ಡಚ್ಚಿನಲ್ಲಿ ಏನೋ ಅಂದಳು. ಹಿತಾ ಸಂದು ಕಾಣುವಂತೆ ನಕ್ಕಳು.
"ಮಾವ, ನಿಮಗೆ ಬ್ರೇಸಸ್ ಆಗಲ್ವಂತೆ. ವಯಸ್ಸಾಯ್ತು ಅಂತಲ್ಲ. ವಸಡೇ ಹೋಗಿದೆಯಂತೆ. ಮೊದ್ಲು ಹೊಗೆಸೊಪ್ಪು ಬಿಡ್ಬೇಕಂತೆ!"
ನಗಲಿ. ನೆನಪಿಟ್ಟುಕೊಂಡಿದ್ದೇನೆ.

೧೨ ಅಕ್ಟೋಬರ್
ಪ್ರಭಾಳ ಗಂಡ ಮುರಳೀಧರ ಡಾಕ್ಟರಮ್ಮನ ಬಿಲ್ಲಿನ ಚೀಟಿ, ನೋಟು ಕೈಗಿಟ್ಟ. "ಭಾವ, ಇವತ್ತೇ ಪೋಸ್ಟ್ ಆಫೀಸಲ್ಲಿ ಕಟ್ಬಿಡಿ. ಕಟ್ಟಿದ್ಮೇಲೇ ತಂತಿ ಹಾಕೋದು." ದಾರಿಯಲ್ಲಿ ತಿಂಡಿ ಅಂಗಡಿ, ಒಳಗೆ ಜೂಜಿನ ಮೆಷಿನ್. ಎರಡು ಸಲ ಗೆದ್ದೆ. ಆಮೇಲೆ... ಇಲ್ಲಿನ ದುಡ್ಡು ನೂರು ಗಿಲ್ಡರ್ ಹೋಯಿತು. ನೂರೇ. ಮನೆಯಲ್ಲಿ, "ಕಟ್ಟಿದೆ. ತಂತಿಗೆ ಎರಡು ತಿಂಗಳು ಕ್ಯೂ ಇದೆಯಂತೆ" ಎಂದೆ.

೧೩ ಅಕ್ಟೋಬರ್
ತಂತಿ ಯಾಕೆ? ಮೂಲಂಗಿ ಕಟ್ಟಿನ ರಬ್ಬರ್ ಬ್ಯಾಂಡ್ ಸಾಕು. ಹಿತಾಳ ಎರಡೂ ಹಲ್ಲಿಗೆ ಬಿಗಿಯಾಗಿ ಸುತ್ತಿದೆ. ಕಣ್ಣಲ್ಲಿ ನೀರು ಬಂತು, ಅಲುಗಲಿಲ್ಲ.
"ಸ್ಕೂಲ್ ಫೋಟೋ ಒಳಗೆ ಮುಚ್ಚತ್ತಾ ಮಾವ?"
"ಮುಚ್ಚದೆ! ಅಮ್ಮಂಗೆ ಹೇಳ್ಬೇಡ, ಸರ್‌ಪ್ರೈಸು."

೨೪ ಅಕ್ಟೋಬರ್
ಸಂದು ಮಾಯ! ಫೋಟೋದಲ್ಲಿ ಹಲ್ಲು ಬಿಟ್ಟು ನಕ್ಕಿದ್ದಾಳೆ. ಪ್ರಭಾ, "ತಾನಾಗೇ ಕೂಡಿಕೊಂಡಿತಲ್ಲಾ" ಎನ್ನುತ್ತಿದ್ದಾಳೆ. ರಬ್ಬರ್ ಕಾಣುತ್ತಿಲ್ಲ. ಎಲ್ಲೋ ಬಿದ್ದುಹೋಗಿರಬೇಕು.

೨೬ ನವೆಂಬರ್, ಸಂಜೆ
ರಬ್ಬರ್ ಬಿದ್ದಿರಲಿಲ್ಲ. ವಸಡಿನೊಳಗೆ ಏರಿ ಬೇರಿನವರೆಗೆ ಹೋಗಿತ್ತು. ಕೀವು. ಡಾಕ್ಟರಮ್ಮ ಕೊಯ್ದು ತೆಗೆದಳು. ಎರಡೂ ಹಲ್ಲು ಅಲ್ಲಾಡುತ್ತಿವೆ, ಉಳಿಯುವುದಿಲ್ಲವಂತೆ. ಈಗ ಬ್ರೇಸಸ್‌ಗೂ ಆಗದಂತೆ — ನನ್ನ ಹಾಗೆಯೇ. ನಕ್ಕಿದ್ದಳಲ್ಲ.
ಹಿತಾ ಬಾಯಿಗೆ ಕರವಸ್ತ್ರ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು.
"ಭಾವ, ದುಡ್ಡೇ ಬಂದಿಲ್ಲ ಅಂತಾರೆ ಡಾಕ್ಟ್ರು. ರಸೀದಿ ಎಲ್ಲಿ?"
"ನೂರು ಕಳ್ಕೊಂಡೆ, ಮುರಳಿ."
"ಮಿಕ್ಕಿದ್ದು?"
ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ. ನೂರಲ್ಲ. ಒಂಬೈನೂರ ಐವತ್ತು ಗಿಲ್ಡರ್. ಮುರಳಿ ಕೊಟ್ಟಿದ್ದಷ್ಟೂ ಆ ಮೆಷಿನ್ನಿಗೆ ಹೋಯಿತು. ಅದರ ಜೊತೆ ಹಿತಾಳ ಎರಡು ಹಲ್ಲನ್ನೂ ನಾನೇ ಕಳೆದೆ—